ಬೆಂಡು ಬಲ್ಲ ಸಾಲೊಂಗೊ

ಎರಿಫಾಜಿ ಲುಬೋವ ಅವರು, ಒಂದು ಬೆಳಗಿನ ಮಾತು ಬಿಟ್ಟರೆ, ತಮ್ಮ ಅರವತ್ತೆಂಟು ವರ್ಷಗಳ ಆಯುಷ್ಯದಲ್ಲಿ ಪೂಲ್ ಆಡಿದವರೇ ಅಲ್ಲ. ಆದರೆ ನಮ್ಮ ನ್ಯೆಂಡೊ ಪೇಟೆಯ ಹನ್ನೊಂದು ಪೂಲ್ ಮೇಜುಗಳ ಸುತ್ತ ನೆರೆಯುವ ಆಟಗಾರರಲ್ಲಿ ಯಾರ ಕೈಯಲ್ಲಾದರೂ ನೆಟ್ಟಗಿನ, ಹದವಾದ ತೂಕದ, ಚೆಂಡಿಗೆ ಹೊಡೆದರೆ ಹಿತವಾಗಿ ಸದ್ದು ಮಾಡುವ ಒಂದು ಕ್ಯೂ ಕೋಲು ಕಂಡಿತೆಂದರೆ, ಅದನ್ನು ಆರಿಸಿಕೊಟ್ಟವರು ಸಾಲೊಂಗೊ ಲುಬೋವ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಾಗಿತ್ತು. ಅವಳಿ ಮಕ್ಕಳ ತಂದೆಗೆ ಸಲ್ಲುವ ಗೌರವದ ಹೆಸರು ಸಾಲೊಂಗೊ. ಪೇಟೆಯಲ್ಲಿ ಇಂಥ ಸಾಲೊಂಗೊಗಳು ಹತ್ತಾರು ಮಂದಿ ಇದ್ದರೂ, ಬರೀ ಸಾಲೊಂಗೊ ಎಂದರೆ ಇವರೊಬ್ಬರೇ.

ವೃತ್ತಿಯಿಂದ ಅವರು ಸೈಕಲ್ ರಿಪೇರಿಯವರು. ನಲವತ್ತು ವರ್ಷ ಸೈಕಲ್ಲುಗಳ ಸಹವಾಸದಲ್ಲಿ ಕಳೆದ ಫಲವಾಗಿ ಅವರ ನಡಿಗೆಗೆ ಒಂದು ವಿಲಕ್ಷಣ ಭಂಗಿ ಬಂದುಬಿಟ್ಟಿತ್ತು: ಬಲಗೈಯನ್ನು ಸೊಂಟದೆತ್ತರದಲ್ಲಿ ತುಸು ಮುಂದಕ್ಕೆ ಚಾಚಿ, ಬೆರಳುಗಳನ್ನು ಅರ್ಧ ಮಡಿಸಿ, ಯಾರ ಕಣ್ಣಿಗೂ ಕಾಣದ ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೋಗುವವರಂತೆ ಅವರು ನಡೆಯುತ್ತಿದ್ದರು, ದಾರಿಯಲ್ಲಿ ಗುಂಡಿ ಎದುರಾದರೆ ಮೊದಲು ಆ ಕಾಣದ ಸೈಕಲ್ಲನ್ನು ಸುಖವಾಗಿ ಪಕ್ಕಕ್ಕೆ ದಾಟಿಸಿ, ಆಮೇಲೆ ತಾವು ದಾಟುತ್ತಿದ್ದರು. ಚರ್ಚಿನಲ್ಲಿ ಪ್ರಸಾದ ಸ್ವೀಕರಿಸಲು ಹೋಗುವಾಗಲೂ ಇದೇ ನಡಿಗೆ. ನಮ್ಮ ಪಾದ್ರಿಗಳು ಗಂಭೀರ ಸ್ವಭಾವದವರು. ಅವರು ಕೂಡ ಒಮ್ಮೆ ತಡೆಯಲಾರದೆ, "ಸಾಲೊಂಗೊ, ಸೈಕಲ್ಲನ್ನ ಹೊರಗೆ ನಿಲ್ಸಿ ಬನ್ನಿ, ಇಲ್ಲಿ ಯಾರೂ ಕದಿಯಲ್ಲ" ಎಂದಿದ್ದರು.

ಆಮೇಲೆ ಆ ಕೋಟು. ಸಮಭಾಜಕ ವೃತ್ತದ ಬಿಸಿಲು ನೆತ್ತಿಯ ಮೇಲೆ ಕುದಿಯುತ್ತಿರುವಾಗಲೂ ಅವರು ಬಿಡದೆ ತೊಡುತ್ತಿದ್ದ ಕಂದು ಬಣ್ಣದ, ಗೀರುಗೀರಾದ ಕಾರ್ಡುರಾಯ್ ಕೋಟು. ಅದರ ಬಲಗಡೆಯ ಕಿಸೆಯಲ್ಲಿ ಚಕ್ರದ ಕಡ್ಡಿಗಳನ್ನು ಬಿಗಿಮಾಡುವ ಪುಟ್ಟ ಕೀ, ಎಡಗಡೆಯದರಲ್ಲಿ ಸವೆದು ನುಣುಪಾದ ಉಪ್ಪುಕಾಗದ ಮತ್ತು ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಗಳು, ಒಳಗಿಸೆಯಲ್ಲಿ ಹುರಿದ ಕಡಲೆಕಾಯಿ. ಯಾವ ಕಿಸೆಗೆ ಕೈಹಾಕಿದರೂ ಕಡಲೆಕಾಯಿ ಸಿಪ್ಪೆಯೇ ಮೊದಲು ಹೊರಬರುತ್ತಿದ್ದುದರಿಂದ, ಒಳಗಿಸೆಗೆ ತೂತು ಬಿದ್ದು ಯಾವುದೋ ಕಾಲವಾಗಿರಬೇಕೆಂದು ನನ್ನ ಊಹೆ.

ಮಾತು ಕಡಿಮೆ. ನೀವು ಏನೇ ಹೇಳಿದರೂ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಆಮೇಲೆ?" ಹೆಂಡತಿ ಜಗಳವಾಡಿ ತವರಿಗೆ ಹೋದಳೆಂದರೂ ಆಮೇಲೆ, ಹಸು ಕರು ಹಾಕಿತೆಂದರೂ ಆಮೇಲೆ. ಈ ಒಂದು ಪದದ ಎದುರಿನಲ್ಲಿ ನ್ಯೆಂಡೊದ ಎಷ್ಟೋ ಜನ ತಾವು ಹೇಳಬೇಕೆಂದಿದ್ದಕ್ಕಿಂತ ಹೆಚ್ಚು ಹೇಳಿ, ಮನೆಗೆ ಹೋದ ಮೇಲೆ ನಾಲಗೆ ಕಚ್ಚಿಕೊಂಡದ್ದುಂಟು. ಅವರಲ್ಲಿ ನಾನೂ ಒಬ್ಬ. ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ಭೂಗೋಳ ಹೇಳಿಕೊಡುವವನು, ಪೂಲ್ ಸಂಘದ ಕಾರ್ಯದರ್ಶಿ, ಮತ್ತು ಸತ್ಯ ಹೇಳಬೇಕೆಂದರೆ ಸಾಧಾರಣ ಆಟಗಾರ.

"ಇಷ್ಟೆಲ್ಲ ತಿಳಿದೋರು ನೀವ್ಯಾಕೆ ಆಡಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಆಡೋರು ಬೇಕಾದಷ್ಟು ಜನ ಇದಾರಲ್ಲ ಮೇಷ್ಟ್ರೆ," ಎಂದರು. "ನೋಡೋರು ಕಮ್ಮಿ."

ಅವರು ನೋಡುವ ಕ್ರಮವೇ ಬೇರೆ. ಎಲ್ಲರೂ ಕ್ಯೂವನ್ನು ಪೂಲ್ ಮೇಜಿನ ಮೇಲೆ ಉರುಳಿಸಿ ಡೊಂಕು ನೋಡುತ್ತಾರೆ. ನಮ್ಮ ಹನ್ನೊಂದು ಮೇಜುಗಳಲ್ಲಿ ಏಳರ ಕಾಲಡಿಗೆ ಇಟ್ಟಿಗೆ ಚೂರುಗಳಿದ್ದು, ಮೇಜೇ ಡೊಂಕಾಗಿರುವಾಗ ಅದರ ಮೇಲೆ ಉರುಳಿದ ಕೋಲು ಯಾವ ಸತ್ಯ ಹೇಳೀತು ಎಂಬುದು ಅವರ ತರ್ಕ. ತಮ್ಮ ಅಂಗಡಿಯ ಬೆಂಚಿಗೆ ಎರಡು ಸೈಕಲ್ ಫೋರ್ಕುಗಳನ್ನು ತಲೆಕೆಳಗಾಗಿ ಬಿಗಿದಿದ್ದರು. ಚಕ್ರದ ಬೆಂಡು ತೆಗೆಯಲು ಇಟ್ಟುಕೊಂಡ ಆ ಏರ್ಪಾಟಿನಲ್ಲಿಯೇ ಕ್ಯೂವನ್ನೂ ಮಲಗಿಸಿ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಒಂದು ಮೊಳೆ ನಿಲ್ಲಿಸಿ, ಕೋಲನ್ನು ಎರಡು ಬೆರಳಿನಿಂದ ತಿರುಗಿಸುತ್ತಿದ್ದರು. ಮರ ಸುತ್ತುತ್ತಿರುವಾಗ ಮೊಳೆಗೂ ಮರಕ್ಕೂ ನಡುವಿನ ಬೆಳಕಿನ ಗೆರೆ ದಪ್ಪ ಸಣ್ಣ ಆಗದೆ ನಿಂತರೆ, ಅವರ ಮುಖದಲ್ಲಿ ಮಗುವಿಗೆ ಹಲ್ಲು ಬಂದದ್ದನ್ನು ಕಂಡ ಅಜ್ಜನ ಸಂತೋಷ ಮೂಡುತ್ತಿತ್ತು. ಅದಾದ ಮೇಲೆ ಕೋಲಿನ ಬುಡವನ್ನು ಸಿಮೆಂಟು ನೆಲಕ್ಕೆ ಮೆಲ್ಲಗೆ ಕುಟ್ಟಿ, ತುದಿಗೆ ಕಿವಿಗೊಟ್ಟು, ಒಳಗೆ ಎಲ್ಲಿಯಾದರೂ ಬಿರುಕಿನ ಗೊರಗೊರ ಸದ್ದಿದೆಯೇ ಎಂದು ಆಲಿಸುವರು. ಕೋಲುಗಳ ಬಗ್ಗೆ ಅವರು ಮಾತನಾಡುತ್ತಿದ್ದುದು ಮನುಷ್ಯರ ಬಗ್ಗೆ ಮಾತನಾಡಿದಂತೆಯೇ. "ಇವನು ಬಾಯಲ್ಲಿ ಬೆಲ್ಲ, ಒಳಗೆ ಟೊಳ್ಳು." "ಇವಳಿಗೆ ಸೊಂಟ ಹಿಡ್ಕೊಂಡಿದೆ, ಮಳೆಗಾಲಕ್ಕೆ ಇನ್ನೂ ಬಾಗ್ತಾಳೆ." "ಇವನು ಒಳ್ಳೆಯವನು, ಆದರೆ ನಿನಗಲ್ಲ."

ಈ ಕೊನೆಯ ಮಾತನ್ನು ನಾನು ಕೇಳಿಸಿಕೊಂಡದ್ದು ನನ್ನ ಸ್ವಂತ ಕ್ಯೂ ವಿಷಯದಲ್ಲಿ. ಹತ್ತು ವರ್ಷದ ಹಿಂದೆ, ಕಂಪಾಲಾಕ್ಕೆ ಉತ್ತರಪತ್ರಿಕೆ ತಿದ್ದಲು ಹೋದವನು, ಯಾರನ್ನೂ ಕೇಳದೆ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ್ದ ಒಂದು ಕ್ಯೂ ಕೊಂಡು ತಂದೆ. ಅದರ ಬುಡದ ತುಂಬ ಬೆಂಕಿ ಉಗುಳುವ ಒಂದು ಕೆಂಪು ಘಟಸರ್ಪ ಸುತ್ತಿಕೊಂಡಿತ್ತು. ಆ ಪೆಟ್ಟಿಗೆಯನ್ನು ಹಿಡಿದು ಪೇಟೆಯಲ್ಲಿ ಒಂದಲ್ಲ ಎರಡು ಸುತ್ತು ಬಂದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಸಾಲೊಂಗೊ ಅದನ್ನು ತಿರುಗಿಸಿದರು, ಕುಟ್ಟಿದರು, ಮೂಸಿದರು, ಕೊನೆಗೆ ತುದಿಯ ಚರ್ಮದ ಬಿಲ್ಲೆಯ ಮೇಲೆ ತಮ್ಮ ಕಿರುಬೆರಳ ಉಗುರನ್ನಿಟ್ಟು ಅಳೆದರು.

"ಮೇಷ್ಟ್ರೆ, ಇವನು ಒಳ್ಳೆಯವನು. ಆದರೆ ನಿಮಗಲ್ಲ. ಇವನ ತುದಿ ದಪ್ಪ. ಇವನು ಬೇರೆ ದೇಶದ ದೊಡ್ಡ ಚೆಂಡಿಗೆ ಹುಟ್ಟಿದವನು. ನಮ್ಮ ಸಣ್ಣ ಚೆಂಡಿಗೆ ತುದಿ ಕಿರುಬೆರಳ ಉಗುರಿನಷ್ಟಿರಬೇಕು. ಘಟಸರ್ಪಕ್ಕೆ ಎಷ್ಟು ಕೊಟ್ರಿ?"

ಬೆಲೆ ಹೇಳಿದೆ.

"ಆಮೇಲೆ?" ಎಂದರು.

ಆಮೇಲೆ ಏನೂ ಇರಲಿಲ್ಲ. ಆ ಘಟಸರ್ಪ ಇಂದಿಗೂ ನನ್ನ ತರಗತಿಯಲ್ಲಿದೆ. ಭೂಪಟದ ಮೇಲೆ ನೈಲ್ ನದಿ ತೋರಿಸಲು ಅದರಷ್ಟು ಅನುಕೂಲವಾದ ಕೋಲು ಜಿಲ್ಲೆಯಲ್ಲಿಲ್ಲ. ಕೈಯಲ್ಲಿ ಹಣ ಕಡಿಮೆಯಿರುವವರಿಗೆ ಅವರು ಹೇಳುತ್ತಿದ್ದ ಬುದ್ಧಿಮಾತು ಅಂದು ನನ್ನ ತಲೆಗೂ ಇಳಿಯಿತು: ಚಿತ್ರಕ್ಕೆ ಕೊಡಬೇಡ, ಪೆಟ್ಟಿಗೆಗೆ ಕೊಡಬೇಡ, ಮರಕ್ಕೆ ಕೊಡು, ಉಳಿದರೆ ತುದಿಯ ಚರ್ಮಕ್ಕೆ ಕೊಡು.

ಈಗ ನಮ್ಯಾಲೊಳ ಮಾತಿಗೆ ಬರುತ್ತೇನೆ. ಸಾಲೊಂಗೊ ಅವರ ಮೂವತ್ತು ವರ್ಷದ ಹೆಸರು ಅಲುಗಾಡಿದ್ದು ಈ ಹುಡುಗಿಯಿಂದಲೇ.

ನಮ್ಯಾಲೊ ಇಪ್ಪತ್ತೆರಡರ ಹುಡುಗಿ. ಬಸ್ ನಿಲ್ದಾಣದ ಪಕ್ಕದ ಸಲೂನಿನಲ್ಲಿ ಕೂದಲು ಹೆಣೆಯುವವಳು. ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಎಳೆಗಳನ್ನು ಒಂದೇ ಬಿಗಿಯಲ್ಲಿ ಹೆಣೆದು ಪಳಗಿದ ಅವಳ ಕೈಗೆ ನಡುಕವೆಂಬುದು ಗೊತ್ತಿರಲಿಲ್ಲ. ಅವಳನ್ನು ಸಾಕಿದ ಸೋದರತ್ತೆ ರೆಜಿನಾಳ ಬಾರಿನ ಜಗಲಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಇಟ್ಟಿಗೆಯ ಮೇಲೆ ನಿಂತ ಒಂದು ಪೂಲ್ ಮೇಜಿತ್ತು. ಹನ್ನೆರಡನೆಯ ವಯಸ್ಸಿನಿಂದ ಅಲ್ಲಿ ಆಡಿ, ನ್ಯೆಂಡೊದ ಗಂಡಸರನ್ನೆಲ್ಲ ಸೋಲಿಸಿ, ಅವರ ಕೈಯಲ್ಲಿ ಸೋಡಾ ಕೊಡಿಸಿಕೊಂಡು ಕುಡಿದು ಬೆಳೆದವಳು. ಆ ವರ್ಷ ನವೆಂಬರಿನಲ್ಲಿ ಕಂಪಾಲಾದಲ್ಲಿ ಮಧ್ಯ ಪ್ರಾಂತ್ಯದ ಹೆಂಗಸರ ತಂಡಕ್ಕೆ ಆಯ್ಕೆ ನಡೆಯುವುದೆಂದೂ, ನಮ್ಮ ಕಡೆಯಿಂದ ಒಬ್ಬಳನ್ನು ಕಳಿಸಬಹುದೆಂದೂ ಸಂಘಕ್ಕೆ ಪತ್ರ ಬಂದಾಗ ಬೇರೆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನ್ಯೆಂಡೊದಿಂದ ಅಲ್ಲಿಯವರೆಗೆ ಯಾವ ಹೆಣ್ಣುಮಗಳೂ ಹೋದವಳಲ್ಲ. ತಂಡಕ್ಕೆ ಸೇರಿದರೆ ಊರೂರು ತಿರುಗಬಹುದು, ಗಡಿ ದಾಟಿ ನೈರೋಬಿಗೂ ಹೋಗಬಹುದು. ಆಗುವುದಿಲ್ಲವೆಂದರೆ ಮತ್ತೆ ಎರಡು ವರ್ಷ ಕಾಯಬೇಕು, ಆ ಹೊತ್ತಿಗೆ ಅತ್ತೆ ನೋಡಿಟ್ಟ ಗಂಡಿನ ಮನೆಯಲ್ಲಿ ಪೂಲ್ ಮೇಜು ಇರುತ್ತದೆಂದು ಯಾರು ಹೇಳಬೇಕು?

ಎಂಬತ್ತು ಸಾವಿರ ಶಿಲ್ಲಿಂಗ್ ಉಳಿತಾಯದೊಂದಿಗೆ ಅವಳು ಸಾಲೊಂಗೊ ಅವರ ಅಂಗಡಿಯ ಮುಂದೆ ನಿಂತಳು.

"ಅಜ್ಜಾ, ನನಗೊಂದು ಕ್ಯೂ ಬೇಕು. ನನ್ನದೇ ಅನ್ನೋಂಥದ್ದು."

"ಆಮೇಲೆ?"

"ಆಮೇಲೆ ಗೆಲ್ಬೇಕು."

ಅವರು ಅವಳ ಎರಡು ಕೈಗಳನ್ನೂ ಹಿಡಿದು, ಅಂಗೈ ಮೇಲೆ ಮಾಡಿ, ತೂಕದ ಕಲ್ಲುಗಳನ್ನು ತೂಗುವಂತೆ ಒಂದಿಷ್ಟು ಎತ್ತಿ ಇಳಿಸಿ, ಕೋಟು ಕೊಡವಿಕೊಂಡು ಎದ್ದರು. ಕಾರ್ಯದರ್ಶಿಯೆಂಬ ಹಕ್ಕಿನಿಂದ ನಾನೂ ಹಿಂದೆಯೇ ಹೊರಟೆ.

ಪಕ್ಕದ ಮಸಾಕಾ ಪೇಟೆಯ ದೊಡ್ಡ ಕ್ರೀಡಾ ಅಂಗಡಿಯಲ್ಲಿ ಅರ್ಧ ದಿನ ಕಳೆದೆವು. ಸಾಲೊಂಗೊ ಮೂವತ್ತೆರಡು ಕ್ಯೂಗಳನ್ನು ಒಂದೊಂದಾಗಿ ಕೆನ್ನೆಗೆ ಆನಿಸಿ, ಎಡಗಣ್ಣು ಮುಚ್ಚಿ, ಉದ್ದಕ್ಕೂ ನೋಟ ಹರಿಸಿ, ನಿಧಾನವಾಗಿ ತಿರುವಿ ತಿರುವಿ ನೋಡಿದರು. ಅಂಗಡಿಯವನು ಮೊದಲು ಕುರ್ಚಿ ಕೊಟ್ಟ, ನಂತರ ಚಹ ಕೊಟ್ಟ, ಕೊನೆಗೆ ಕುರ್ಚಿಯನ್ನು ವಾಪಸು ತೆಗೆದುಕೊಂಡ. ಮೂವತ್ತೊಂದಕ್ಕೆ ಏನಾದರೊಂದು ಕಾಯಿಲೆಯಿತ್ತು. ಆರೋಗ್ಯವಂತನಾಗಿದ್ದ ಒಬ್ಬನೇ ಒಬ್ಬನ ಬೆಲೆ ಎರಡು ಲಕ್ಷ. ನಮ್ಯಾಲೊ ಅದನ್ನು ಒಂದು ಸಲ ಕೈಯಲ್ಲಿ ಹಿಡಿದು, ಗೋಡೆಗೆ ಒರಗಿಸಿದಳು.

ಹೊರಗೆ ಬಂದ ಮೇಲೆ ಸಾಲೊಂಗೊ ನಮ್ಮನ್ನು ಕರೆದೊಯ್ದದ್ದು ಹಳೆ ಸಾಮಾನಿನ ಸಂತೆಗೆ. ಪರದೇಶದ ಹಳೆ ಬಟ್ಟೆಯ ಮೂಟೆಗಳನ್ನು ಅಲ್ಲಿ ಬಿಚ್ಚುತ್ತಾರೆ. ಬಟ್ಟೆಯ ಜೊತೆಗೆ ಛತ್ರಿ, ಊರುಗೋಲು, ಪರದೆಯ ಕೋಲು, ಮುರಿದ ಗೊಂಬೆಗಳೂ ಬಂದು ಬೀಳುತ್ತವೆ. ಹೆಂಗಸೊಬ್ಬಳು ಪರದೆಗಳನ್ನು ತೂಗುಹಾಕಿ ಮಾರುತ್ತಿದ್ದಳು. ಆ ಪರದೆಗಳ ಕಡೆ ನೋಡದೆ ಅವು ತೂಗುತ್ತಿದ್ದ ಕೋಲಿನ ಕಡೆ ನೋಡಿದವರು ಇಡೀ ಸಂತೆಯಲ್ಲಿ ಸಾಲೊಂಗೊ ಒಬ್ಬರೇ. ಅವಳಿಂದ ಬೇಡಿ ಬಿಡಿಸಿಕೊಂಡು, ಕೋಟಿನ ತೋಳಿನಿಂದ ಧೂಳು ಒರೆಸಿದರೆ ಕೆಳಗಿನಿಂದ ಬೂದು ಬಿಳುಪಿನ ಆ್ಯಶ್ ಮರ ಕಂಡಿತು. ಮರದ ಗೆರೆಗಳು ಬಾಣದ ಮೊನೆಗಳಂತೆ ಒಂದರ ಹಿಂದೊಂದು ಸಾಲಾಗಿ ತುದಿಯ ಕಡೆಗೆ ಓಡಿದ್ದವು. ಎಲ್ಲಿಯೂ ತಿರುಪಿಲ್ಲ, ಜೋಡಣೆಯಿಲ್ಲ. ಬುಡದಿಂದ ತುದಿಯವರೆಗೆ ಒಂದೇ ಕೋಲು. ತುದಿಯ ಚರ್ಮ ಉದುರಿಹೋಗಿತ್ತು, ಹಿತ್ತಾಳೆಯ ಬಳೆ ಮಾತ್ರ ಉಳಿದಿತ್ತು. ಅವರು ಕೆನ್ನೆಗೆ ಆನಿಸಿ ಒಂದು ಸುತ್ತು ತಿರುಗಿಸಿದರು, ಎರಡು ಸುತ್ತು ತಿರುಗಿಸಿದರು, ಮೂರನೆಯ ಸುತ್ತಿಗೆ ಅವರ ಮುಚ್ಚಿದ ಎಡಗಣ್ಣೂ ತೆರೆಯಿತು.

"ಹದಿನೈದು ಸಾವಿರ ಕೊಡಿ ಸ್ವಾಮಿ," ಎಂದಳು ಆ ಹೆಂಗಸು. "ಗಟ್ಟಿ ಪರದೆ ಕೋಲು. ಎಷ್ಟು ಭಾರ ಹಾಕಿದರೂ ಬಗ್ಗಲ್ಲ."

ನಮ್ಯಾಲೊ ಉಸಿರು ಬಿಗಿಹಿಡಿದಳು. ನಾನು ಮೆಲ್ಲಗೆ ಸಾಲೊಂಗೊ ಅವರ ಕಾಲು ತುಳಿದೆ. ತುಳಿದದ್ದು ವ್ಯರ್ಥವಾಯಿತು.

"ಅಮ್ಮಾ, ಇದು ಪರದೆ ಕೋಲಲ್ಲ," ಎಂದರು.

"ಮತ್ತೇನು?"

"ಕ್ಯೂ. ಪೂಲ್ ಆಡೋ ಕ್ಯೂ. ದೊಡ್ಡ ಮನೆತನದ್ದು."

"ಓ! ಹಾಗಾದ್ರೆ ತೊಂಬತ್ತು ಸಾವಿರ."

ಮುಂದಿನ ಒಂದು ಗಂಟೆ ಅವಳೊಡನೆ ಹೊಯ್ದಾಡಿ ಅರವತ್ತೈದಕ್ಕೆ ಇಳಿಸಿದ್ದು ನಾನು ಮತ್ತು ನಮ್ಯಾಲೊ. ಸಾಲೊಂಗೊ ಪಕ್ಕದಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದರು. ದಾರಿಯಲ್ಲಿ ನಮ್ಯಾಲೊ ಸಿಡುಕಿದಳು: "ಅಜ್ಜಾ, ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅದರ ಎದುರಿಗೇ ಅದನ್ನ ಪರದೆ ಕೋಲು ಅಂದ್ರೆ ಸುಮ್ಮನಿರೋಕಾಗತ್ತಾ ಮಗಳೇ?" ಎಂದರು ಅವರು, ನಿಜವಾಗಿಯೂ ನೊಂದು. "ಎಷ್ಟು ವರ್ಷದಿಂದ ಆ ಮಾತು ಕೇಳ್ಕೊಂಡಿತ್ತೋ ಏನೋ."

ಮೂವರು ಒಂದೇ ಬೈಕ್ ಟ್ಯಾಕ್ಸಿಯ ಮೇಲೆ, ಆಳೆತ್ತರಕ್ಕೆ ತುಸುವೇ ಕಡಿಮೆಯಿದ್ದ ಆ ಕೋಲನ್ನು ಅಡ್ಡಕ್ಕೆ ಹಿಡಿದುಕೊಂಡು ಹೊರಟ ವೈಭವವನ್ನು ಏನೆಂದು ವರ್ಣಿಸಲಿ! ಎದುರಿಗೆ ಬಂದ ಕೋಳಿ ಮಾರುವವನು ಬಗ್ಗಿದ, ಪೊಲೀಸಿನವನು ಬಗ್ಗಿದ. ಬಾಳೆಗೊನೆ ಹೊತ್ತ ಸೈಕಲ್ಲಿನವನೊಬ್ಬ ಬಗ್ಗಲಾರದೆ ಬೈದ. ಅಂದು ರಾತ್ರಿಯಾಗುವ ಮೊದಲೇ ಸಾಲೊಂಗೊ ತುದಿಗೆ ಹೊಸ ಚರ್ಮದ ಬಿಲ್ಲೆ ಅಂಟಿಸಿ, ರಬ್ಬರ್ ಪಟ್ಟಿಯಿಂದ ಬಿಗಿದು ಸುತ್ತಿ, ಮರುದಿನ ಉಪ್ಪುಕಾಗದದಿಂದ ನಯಮಾಡಿ, ಫೋರ್ಕುಗಳ ಮೇಲೆ ತಿರುಗಿಸಿ ಎಲ್ಲರಿಗೂ ತೋರಿಸಿದರು. ಬೆಳಕಿನ ಗೆರೆ ಕಿಂಚಿತ್ತೂ ಕದಲಲಿಲ್ಲ. ನೆರೆದವರು ಚಪ್ಪಾಳೆ ತಟ್ಟಿದರು.

ಮತ್ತು ಆ ಅದ್ಭುತ ಕ್ಯೂವಿನಿಂದ ನಮ್ಯಾಲೊ ಒಂದು ಚೆಂಡನ್ನೂ ಪಾಕೆಟಿಗೆ ಹಾಕಲಾರದೆ ಹೋದಳು.

ಮೊದಲ ದಿನ ಹೊಸದೆಂದುಕೊಂಡೆವು. ಮೂರನೆಯ ದಿನಕ್ಕೆ ನಗು ನಿಂತಿತು. ಪ್ರತಿ ಚೆಂಡೂ ಪಾಕೆಟಿನ ಬಾಯಿಯವರೆಗೆ ಹೋಗಿ, ಬೆರಳಗಲ ಎಡಕ್ಕೆ ತಗಲಿ, ಹಿಂದೆ ಬರುತ್ತಿತ್ತು. ಒಂದು ವಾರವಾಗುವಷ್ಟರಲ್ಲಿ, ಅವಳಿಂದ ಯಾವಾಗಲೂ ಸೋತು ಸೋಡಾ ಕೊಡಿಸುತ್ತಿದ್ದ ಗಂಡಸರು ಬಂದು ಅವಳನ್ನೇ ಸೋಲಿಸಿ ಹೋದರು. ಹೋಗುವಾಗ, "ಮುದುಕನ ಕಣ್ಣು ಮಂಜಾಯ್ತು, ಪರದೆ ಕೋಲು ತಂದು ಹುಡುಗಿ ಕೈಲಿ ಕೊಟ್ಟ," ಎಂದು ಸಾಲೊಂಗೊ ಅವರ ಅಂಗಡಿಗೆ ಕೇಳಿಸುವಷ್ಟು ಗಟ್ಟಿಯಾಗಿ ಆಡಿಕೊಂಡರು. ಆಯ್ಕೆಗೆ ಇನ್ನು ಹತ್ತು ದಿನ. ನಮ್ಯಾಲೊ ಸಲೂನಿನ ಹಿತ್ತಿಲಿನಲ್ಲಿ ಕೂತು ಅಳುತ್ತಿದ್ದಳೆಂದು ರೆಜಿನಾ ಬಂದು ನನಗೆ ಹೇಳಿದಳು. ಸಾಲೊಂಗೊ ಮಾತ್ರ ಆ ಕ್ಯೂವನ್ನು ತರಿಸಿ, ಮತ್ತೆ ಫೋರ್ಕುಗಳ ಮೇಲೆ ಮಲಗಿಸಿ, ಇಡೀ ಮಧ್ಯಾಹ್ನ ತಿರುಗಿಸುತ್ತ ಕೂತರು. ಗಿರಾಕಿಗಳು ಬಂದು ಬಂದು ಹಿಂದಿರುಗಿದರು. ಅವರನ್ನು ಹಾಗೆ ಕಂಡದ್ದು ಅದೇ ಮೊದಲು; ನನಗೆ ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ ಅವರು ಆ ಕ್ಯೂ ಹಿಡಿದು, ನಮ್ಯಾಲೊಳನ್ನೂ ನನ್ನನ್ನೂ ಕರೆದುಕೊಂಡು ರೆಜಿನಾಳ ಬಾರಿಗೆ ಬಂದರು. ಅದು ಇಲ್ಲಿನವರು ಆಸೆಪಟ್ಟು ತಿನ್ನುವ ಮಿಡತೆಯ ಸುಗ್ಗಿಕಾಲ; ರೆಜಿನಾ ಜಗಲಿಯ ಮೂಲೆಯಲ್ಲಿ ಕೂತು ರೆಕ್ಕೆ ಕಿತ್ತ ಹಸಿರು ಮಿಡತೆಗಳನ್ನು ಈರುಳ್ಳಿಯ ಜೊತೆ ಹುರಿದು ಬೋಗುಣಿಗೆ ಹಾಕುತ್ತಿದ್ದಳು.

"ರೆಜಿನಾ, ಈ ಹುಡುಗಿ ಇಷ್ಟು ವರ್ಷ ಯಾವುದರಲ್ಲಿ ಆಡ್ತಿದ್ಲು?"

ರೆಜಿನಾ ಎದ್ದು ಹೋಗಿ ಫ್ರಿಜ್ಜಿನ ಹಿಂದಿನಿಂದ ಒಂದು ಕೋಲು ತಂದುಕೊಟ್ಟಳು. ಪ್ರತಿ ಬಾರಿನಲ್ಲಿಯೂ ಇರುವಷ್ಟರಲ್ಲಿ ಉತ್ತಮವಾದ ಕೋಲನ್ನು ಮನೆಯವರು ಹೀಗೆ ಬಚ್ಚಿಟ್ಟಿರುತ್ತಾರೆ; ಇದು ಆ ಮನೆಯ ಉತ್ತಮ. ಅದರ ಬುಡದಲ್ಲಿ ಉಗುರು ಬಣ್ಣದ ಒಂದು ಕೆಂಪು ಚುಕ್ಕೆಯಿತ್ತು. ಚುಕ್ಕೆ ಮೇಲಿರುವಂತೆ ಹಿಡಿಯಬೇಕು, ಯಾವಾಗಲೂ ಹಾಗೇ ಹಿಡಿಯುತ್ತೇನೆ ಎಂದಳು ನಮ್ಯಾಲೊ. ಸಾಲೊಂಗೊ ಅದನ್ನು ಹಾಗೆಯೇ ಹಿಡಿದು ಕೆನ್ನೆಗೆ ಆನಿಸಿದವರು ತಟ್ಟನೆ ಕೆಳಗಿಳಿಸಿದರು. ಅವರ ಮುಖ ಅರಳಿತು.

"ಇದು ಕೋಲಲ್ಲ, ಬಾಳೆಹಣ್ಣು. ತುದಿ ಬಲಕ್ಕೆ ಬಾಗಿದೆ. ಮಗಳೇ, ಹತ್ತು ವರ್ಷದಿಂದ ನೀನು ಆ ಬೆಂಡನ್ನ ಸರಿದೂಗಿಸೋಕೆ ಹೆಗಲನ್ನ ಎಡಕ್ಕೆ ತಿರುಗಿಸಿ ನಿಂತ್ಕೋತಿದ್ದೀಯ. ನಿನಗೆ ಗೊತ್ತಿಲ್ಲ, ನಿನ್ನ ಹೆಗಲಿಗೆ ಗೊತ್ತು. ಈಗ ಕೋಲು ನೆಟ್ಟಗಿದೆ, ನೀನು ಇನ್ನೂ ಡೊಂಕಾಗೇ ನಿಂತಿದ್ದೀಯ."

"ಹಾಗಾದ್ರೆ ಈ ಹಳೇದನ್ನೇ ತಗೊಂಡು ಹೋಗ್ಲಿ ಬಿಡಿ," ಎಂದಳು ರೆಜಿನಾ. "ಇದರಲ್ಲಿ ಗೆಲ್ತಾಳಲ್ಲ."

"ಮುಂದಿನ ಮಳೆಗೆ ಇದು ಇನ್ನೂ ಬಾಗತ್ತೆ. ಆಗ ಹುಡುಗಿ ಹೆಗಲನ್ನ ಇನ್ನೆಷ್ಟು ತಿರುಗಿಸ್ತಾಳೆ?" ಎಂದರು ಸಾಲೊಂಗೊ. ನಮ್ಯಾಲೊಳ ಕಡೆ ತಿರುಗಿದರು. "ನೀನೇ ಹೇಳು. ಬೇಕಾದ್ರೆ ಇದನ್ನ ತಗೊಂಡು ಹೋಗು, ನಾನು ಬೇಜಾರು ಮಾಡ್ಕೊಳ್ಳಲ್ಲ."

ಹುಡುಗಿ ಎರಡೂ ಕೋಲುಗಳನ್ನು ನೋಡಿದಳು. ಹಳೆಯದು ಅವಳ ಅನ್ನ ನೀರು ಕಂಡ ಕೋಲು. ಹೊಸದು ಒಂದು ವಾರದಿಂದ ಅವಳ ಮಾನ ಕಳೆದದ್ದು. ಕೊನೆಗೆ ಅವಳು ಹಳೆಯದನ್ನು ಅತ್ತೆಯ ಕೈಗೆ ಕೊಟ್ಟಳು.

ಅಲ್ಲಿಂದ ದಿನವೂ ಬೆಳಗ್ಗೆ, ಬಾರು ತೆರೆಯುವ ಮುನ್ನ, ಸಾಲೊಂಗೊ ಮೇಜಿನ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದು, ಆ ಗೆರೆಯ ನೇರಕ್ಕೆ ಅವಳನ್ನು ನಿಲ್ಲಿಸಿ, ಹೆಗಲನ್ನು ದಿನಕ್ಕೊಂದಿಷ್ಟು, ಕಾಲು ಸುತ್ತು ಕಡ್ಡಿ ಬಿಗಿದಷ್ಟೇ, ಬಲಕ್ಕೆ ತರುತ್ತಿದ್ದರು. ಒಂದೇ ದಿನ ಬಿಗಿದರೆ ಚಕ್ರ ಮುರಿಯುತ್ತದೆ ಎಂಬುದು ಅವರ ನಲವತ್ತು ವರ್ಷದ ಅನುಭವ. ನಾಲ್ಕು ದಿನ ಹೀಗೆ ನಡೆಯಿತು. ಬೆರಳಗಲದ ತಪ್ಪು ಅರ್ಧ ಬೆರಳಾಯಿತು, ಆದರೆ ಅಲ್ಲಿಗೇ ನಿಂತಿತು; ಹುಡುಗಿ ಹೆದರಿಕೆಯಿಂದ ಮೈಯನ್ನೆಲ್ಲ ಕಲ್ಲು ಮಾಡಿಕೊಂಡಿದ್ದಳು.

"ಬಲ ಬೇಡ ಮಗಳೇ, ಸಡಿಲ ಬಿಡು. ಕೊಡಿಲ್ಲಿ," ಎಂದವರೇ ಸಾಲೊಂಗೊ, ನಾನು ನೋಡುತ್ತಿರುವಂತೆಯೇ, ಅವಳ ಕೈಯಿಂದ ಕ್ಯೂ ಕಿತ್ತುಕೊಂಡು, ಕೋಟಿನ ಗುಂಡಿ ಬಿಚ್ಚಿ, ಮೇಜಿನ ಮೇಲೆ ಬಾಗಿದರು. ನ್ಯೆಂಡೊದಲ್ಲಿ ಯಾರೂ ಎಂದೂ ಕಾಣದ ದೃಶ್ಯ! ರೆಜಿನಾಳ ಕೈಯ ಸೌಟು ಗಾಳಿಯಲ್ಲಿ ನಿಂತಿತು. ಅವರು ಕಣ್ಣು ಕಿರಿದುಮಾಡಿ, ಉಸಿರು ಕಟ್ಟಿ, ಹೊಡೆದೇಬಿಟ್ಟರು. ಬಿಳಿ ಚೆಂಡು ಗೆರೆಯನ್ನೂ ಕಾಣಲಿಲ್ಲ, ಪಾಕೆಟನ್ನೂ ಕಾಣಲಿಲ್ಲ. ಮೇಜಿನ ಅಂಚಿನಿಂದ ಎಗರಿ, ಜಗಲಿ ದಾಟಿ, ಹುರಿದ ಮಿಡತೆಗಳ ಬೋಗುಣಿಯೊಳಕ್ಕೆ ಥಳ್ಳನೆ ಬಿತ್ತು.

"ಸಾಲೊಂಗೊ," ಎಂದಳು ರೆಜಿನಾ, "ಅದನ್ನೂ ಹುರೀಲಾ?"

ಮೊದಲು ನಕ್ಕವರು ಸಾಲೊಂಗೊ ಅವರೇ. ಕೋಟಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ, ಮೇಜು ಹಿಡಿದುಕೊಂಡು ನಕ್ಕರು. ನಮ್ಯಾಲೊ ನೆಲಕ್ಕೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಒಂದು ವಾರದ ಅಳುವೆಲ್ಲ ನಗುವಾಗಿ ಹೊರಬರುವವರೆಗೆ ನಕ್ಕಳು. ಆಮೇಲೆ ಎದ್ದು, ಎಣ್ಣೆಯಾದ ಚೆಂಡನ್ನು ಲಂಗಕ್ಕೆ ಒರೆಸಿ ಇಟ್ಟು, ಇನ್ನೂ ನಗುತ್ತಲೇ, ಹೆಗಲನ್ನು ಮರೆತು ಹೊಡೆದಳು. ಚೆಂಡು ಸೀಮೆಸುಣ್ಣದ ಗೆರೆಯ ಮೇಲೆಯೇ ಓಡಿ ಪಾಕೆಟಿಗೆ ಬಿತ್ತು. ಇನ್ನೊಂದು ಹೊಡೆದಳು. ಅದೂ ಬಿತ್ತು. ಅಂದು ಬೆಳಗ್ಗೆ ಬಿದ್ದ ಚೆಂಡುಗಳನ್ನು ಎಣಿಸುವುದನ್ನು ನಾನು ಹದಿನೇಳಕ್ಕೆ ನಿಲ್ಲಿಸಿದೆ.

ಆಯ್ಕೆಯ ಶನಿವಾರ, ನಾನೂ ಸಾಲೊಂಗೊ ಅವರೂ ನಮ್ಯಾಲೊಳ ಜೊತೆ ಹೋಗಿದ್ದ ಕಂಪಾಲಾದ ಸಭಾಂಗಣದಲ್ಲಿ ಹದಿನಾಲ್ಕು ಹುಡುಗಿಯರಿದ್ದರು. ಹನ್ನೆರಡು ಜನರ ಬಳಿ ಪೆಟ್ಟಿಗೆಗಳಿದ್ದವು. ನಮ್ಯಾಲೊ ತನ್ನ ಕೋಲನ್ನು ರೆಜಿನಾಳ ಹಳೆಯ ಸೀರೆಯಂಥ ಒಂದು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಗಬೇಕಾದವರು ನಕ್ಕರು. ಸಂಜೆ ನಾಲ್ಕರ ಹೊತ್ತಿಗೆ ನಗು ನಿಂತು, ಉಳಿದಿದ್ದ ಒಂದೇ ಸ್ಥಾನಕ್ಕೆ ಇಬ್ಬರೇ ಉಳಿದಿದ್ದರು: ಎಂಟೆಬೆಯ ಒಬ್ಬ ಎತ್ತರದ ಹುಡುಗಿ ಮತ್ತು ನಮ್ಮವಳು. ಆಟಗಳು ಸಮನಾಗಿ, ಕೊನೆಯ ಆಟದಲ್ಲಿ, ಪಾಕೆಟಿಗೆ ಹಾಕಿದವಳೇ ಗೆಲ್ಲುವ ಕರಿ ಚೆಂಡೊಂದೇ ಹೊಡೆಯಲು ಉಳಿದಿತ್ತು. ಅದು ದೂರದ ಮೂಲೆಯ ಹತ್ತಿರ, ಬಿಳಿ ಚೆಂಡು ಈ ತುದಿಯಲ್ಲಿ. ಎಡಕ್ಕೆ ಕೂದಲೆಳೆ ಸರಿದರೂ ಎಲ್ಲ ಮುಗಿಯಿತು. ನನ್ನ ಕಣ್ಣು ಆ ಕರಿ ಚೆಂಡಿನ ಮೇಲೆಯೇ ಅಂಟಿಕೊಂಡಿತ್ತು. ನಮ್ಯಾಲೊ ಬಾಗಿದಳು. ತೋಳು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು.

ಪಕ್ಕದಲ್ಲಿ ಸಾಲೊಂಗೊ "ಸರಿ" ಎಂದದ್ದು ಕೇಳಿಸಿತು. ಚೆಂಡು ಇನ್ನೂ ಉರುಳುತ್ತಿತ್ತು. ನಾನು ತಿರುಗಿ ನೋಡಿದರೆ ಅವರ ಜಾಗ ಖಾಲಿಯಾಗಿತ್ತು. ಕರಿ ಚೆಂಡು ಬಿದ್ದ ಸದ್ದು, ಸಭೆ ಎದ್ದ ಸದ್ದು, ನಮ್ಯಾಲೊ ಕಿರುಚಿದ ಸದ್ದು ಎಲ್ಲವೂ ನನಗೆ ಕೇಳಿಸಿದ್ದು ಆಮೇಲೆ. ಅವಳನ್ನು ಯಾರೋ ಹೆಗಲ ಮೇಲೆ ಎತ್ತಿಕೊಂಡರು. ಅವಳ ಕಣ್ಣು ಮಾತ್ರ ಜನರ ನಡುವೆ ಒಂದು ಕಂದು ಕೋಟನ್ನು ಹುಡುಕುತ್ತಿತ್ತು. ನಾನು ಹೊರಗೆ ಓಡಿದೆ. ರಸ್ತೆ ಬದಿಯಲ್ಲಿ, ಬಾಳೆಹಣ್ಣು ಸುಡುವವಳ ಕೆಂಡದ ಒಲೆಯ ಮುಂದೆ, ಒಂದು ಕಾಗದದ ಮೇಲೆ ಬಿಸಿ ಹಣ್ಣು ಇಟ್ಟುಕೊಂಡು ಅವರು ಊದುತ್ತ ನಿಂತಿದ್ದರು.

"ಗೆದ್ಲು, ಸಾಲೊಂಗೊ! ನಮ್ಮ ಹುಡುಗಿ ಗೆದ್ಲು! ನೀವು ನೋಡ್ಲೇ ಇಲ್ಲ!"

"ನೋಡಿದ್ನಲ್ಲ," ಎಂದರು. "ಕೋಲು ನೆಟ್ಟಗೆ ಹೋಯ್ತು. ಹೆಗಲು ಅಲ್ಲಾಡ್ಲಿಲ್ಲ. ಇನ್ನು ನೋಡೋದೇನಿತ್ತು? ತಗೊಳ್ಳಿ ಮೇಷ್ಟ್ರೆ, ತಿನ್ನಿ, ಇದು ಚೆನ್ನಾಗಿ ಬೆಂದಿದೆ."

ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು, ಬೀದಿಯಲ್ಲಿಯೇ ಅಪ್ಪಿಕೊಂಡೆ.

ಇಂಥವರು ಎಲ್ಲ ಊರುಗಳಲ್ಲಿಯೂ ಒಬ್ಬರೋ ಇಬ್ಬರೋ ಇರುತ್ತಾರೆಂದು ಈಗ ನನಗೆ ಅನಿಸುತ್ತದೆ: ಮದುವಣಗಿತ್ತಿಯ ಉಡುಪು ಹೊಲಿದು ಮದುವೆಯ ದಿನ ಹಿಂದಿನ ಬೆಂಚಿನಲ್ಲಿ ಕೂರುವ ದರ್ಜಿ, ಚರ್ಮ ಬಿಗಿದು ನಗಾರಿಯನ್ನು ಅರಮನೆಯ ಬಾಗಿಲಿಗೆ ಮುಟ್ಟಿಸಿ ಬರುವವನು, ಬೇರೊಬ್ಬರ ಕೈಗೆ ಸರಿಯಾದ ವಸ್ತುವನ್ನು ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುವವರು. ಲೋಕವೆಲ್ಲ ಚೆಂಡು ಎಲ್ಲಿ ಬಿತ್ತೆಂದು ಕತ್ತು ಚಾಚಿ ನೋಡುತ್ತಿರುವಾಗ ಅವರು ಕೋಲು ಹೇಗೆ ಹೋಯಿತೆಂದು ನೋಡುತ್ತಾರೆ. ಅದು ನೆಟ್ಟಗೆ ಹೋಯಿತೆಂದರೆ ಅವರ ಸಂತೋಷ ಅಲ್ಲಿಗೇ ಪೂರ್ತಿಯಾಗಿರುತ್ತದೆ. ಜಯಘೋಷ ಏಳುವ ಹೊತ್ತಿಗೆ ಅವರನ್ನು ಸಭೆಯಲ್ಲಿ ಹುಡುಕಿ ಫಲವಿಲ್ಲ. ಅಷ್ಟರಲ್ಲಿ ಅವರಿಗೆ ಹಸಿವಾಗಿರುತ್ತದೆ.